ಮಾತಿಗೆ ಮುಂಚಿನ ಮಾತು

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ನನ್ನ ಬಿ.ಎಸ್‌ಸಿ. ಪದವಿಯ ಮಾತು ಬಂದಾಗಲೆಲ್ಲ ಒಂದು ನಗೆ ತಪ್ಪಿದ್ದಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಡತಗಳಿಗೆ ನಂಬರು ಹಾಕುತ್ತ ಕುಳಿತಿರುವ ಗುಮಾಸ್ತನಿಗೆ ಆ ವಿದ್ಯೆ ಯಾವ ಉಪಯೋಗಕ್ಕೆ ಬಂತು ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದುದೇ. ಆದರೂ ಸಂಘದ ಸಮಾರಂಭದಲ್ಲಿ ಧ್ವನಿವರ್ಧಕ ಕಿರ್ರೆಂದು ಕೂಗಿಕೊಂಡಿತೆಂದರೆ ಎಲ್ಲರೂ ನೋಡುವುದು ನನ್ನ ಕಡೆಗೇ. ಈ ಸಲದ ಯುಗಾದಿಯ ಊಟದ ಸಾಲಿನಲ್ಲಿಯೂ ಹಾಗೇ ಆಯಿತು. ಹಿರಿಯರೊಬ್ಬರು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ಮನೆಗೆ ಇಂಟರ್ನೆಟ್ಟಿನ ಮೇಲೆ ನಡೆಯುವ ಹೊಸ ಫೋನು ತಂದಿಟ್ಟಿದ್ದಾನೆ. ಕೆಲವೊಮ್ಮೆ ಗಂಟೆ ಸರಿಯಾಗಿ ಹೊಡೆಯುತ್ತದೆ, ಆ ಕಡೆಯವರು ಎತ್ತುತ್ತಾರೆ, ಅವರ ಮಾತು ಇವರಿಗೆ ಕೇಳುತ್ತದೆ, ಇವರ ಮಾತು ಮಾತ್ರ ಅವರಿಗೆ ಕೇಳುವುದಿಲ್ಲ. "ಗಂಟೆ ಹೋದ ದಾರಿಯಲ್ಲಿ ಮಾತು ಯಾಕೆ ಹೋಗಬಾರದು, ಹೇಳಿ ನೋಡೋಣ" ಎಂದರು.

ಹೋಳಿಗೆಯ ಸಾಲಿನಲ್ಲಿ ನಿಂತು ಮುಗಿಸುವ ಉತ್ತರ ಅದಲ್ಲ. ಆದ್ದರಿಂದ ಸಂಪಾದಕರ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಅವರ ಪ್ರಶ್ನೆಯಲ್ಲಿಯೇ ಉತ್ತರದ ಎಳೆ ಇದೆ. ಗಂಟೆ ಹೋದ ದಾರಿ ಬೇರೆ, ಮಾತು ಹೋಗುವ ದಾರಿ ಬೇರೆ. ಇಬ್ಬರನ್ನು ಮಾತಿಗೆ ಕೂಡಿಸುವುದು ಒಂದು ಕೆಲಸ, ಕೂಡಿಸಿದ ಮೇಲೆ ಮಾತನ್ನು ಸಾಗಿಸುವುದು ಇನ್ನೊಂದು ಕೆಲಸ. ಈ ಮೊದಲನೆಯ ಕೆಲಸಕ್ಕೆ ದೂರವಾಣಿಯವರು ಸಿಗ್ನಲಿಂಗ್ ಎನ್ನುತ್ತಾರೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಅವರು ಇದ್ದಾರೆಯೇ, ಗಂಟೆ ಹೊಡೆಯಿತೇ, ಎತ್ತಿದರೇ, ಮಾತು ಮುಗಿದು ಇಟ್ಟರೇ ಎಂಬ ಇಷ್ಟೂ ವ್ಯವಹಾರ ಅದರೊಳಗೆ ಬರುತ್ತದೆ. ನಾವು ಆಡುವ ಒಂದು ಶಬ್ದವೂ ಅದರಲ್ಲಿ ಇಲ್ಲ.

ಹಳೆಯ ಕಾಲದಲ್ಲಿ ಈ ಭೇದ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಮೊದಲು ಕೂಡಿಸುವ ಕೆಲಸ ಮಾಡುತ್ತಿದ್ದವರು ಮನುಷ್ಯರು. ಟ್ರಂಕ್ ಕಾಲ್ ಕಾದಿರಿಸಿ ದಿನವೆಲ್ಲ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕಾಯುತ್ತಿದ್ದ ಕಥೆಯನ್ನು ನಮ್ಮ ಅಪ್ಪ ಹೇಳುತ್ತಿದ್ದರು. ಅಮೆರಿಕದ ಕಾನ್ಸಾಸ್ ನಗರದಲ್ಲಿ ಸ್ಟ್ರೋಜರ್ ಎಂಬೊಬ್ಬ ಶವಸಂಸ್ಕಾರದ ವ್ಯಾಪಾರಿ ಇದ್ದ. ಅವನ ಪ್ರತಿಸ್ಪರ್ಧಿಯ ಹೆಂಡತಿ ಊರಿನ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು, ಸಾವಿನ ಮನೆಯವರು ಇವನನ್ನು ಕೇಳಿದರೆ ತನ್ನ ಗಂಡನಿಗೇ ಕೂಡಿಸುತ್ತಿದ್ದಳಂತೆ. ಆ ಸಿಟ್ಟಿನಿಂದ ಅವನು ಆಪರೇಟರೇ ಬೇಡದ ಯಂತ್ರವನ್ನು ಕಂಡುಹಿಡಿದ ಎಂದು ಹೇಳುತ್ತಾರೆ. ಕಥೆ ಎಷ್ಟು ನಿಜವೋ, 1891ರಲ್ಲಿ ಅವನಿಗೆ ಅದರ ಪೇಟೆಂಟು ಸಿಕ್ಕಿದ್ದು ಮಾತ್ರ ನಿಜ. ಮುಂದೆ ಬೆಂಗಳೂರಿನಲ್ಲಿ 1948ರಲ್ಲಿ ಪ್ರಾರಂಭವಾದ ಐ.ಟಿ.ಐ. ಕಾರ್ಖಾನೆಯೂ ಸ್ಟ್ರೋಜರ್ ಮಾದರಿಯ ಎಕ್ಸ್‌ಚೇಂಜುಗಳನ್ನು ತಯಾರಿಸಿತು. ಬೆರಳು ತೂರಿಸಿ ತಿರುಗಿಸುವ ಫೋನಿನ ಚಕ್ರ ಹಿಂದಕ್ಕೆ ಸರಿಯುವಾಗ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಕಡಿದು ಕಡಿದು ಬಿಡುತ್ತಿತ್ತು. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಎಕ್ಸ್‌ಚೇಂಜಿನ ಯಂತ್ರ ಅದನ್ನು ಎಣಿಸಿಕೊಂಡು ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಅದೇ ಜೋಡಿ ತಂತಿಯ ಮೇಲೆ ನಂಬರು ಹೋಗುತ್ತಿತ್ತು, ಗಂಟೆಗೆ ಬೇಕಾದ 75 ವೋಲ್ಟಿನಷ್ಟು ವಿದ್ಯುತ್ತು ಬರುತ್ತಿತ್ತು, ಕೊನೆಗೆ ಮಾತೂ ಬರುತ್ತಿತ್ತು. ಗಂಟೆ ಹೊಡೆಯಿತೆಂದರೆ ತಂತಿ ಸರಿಯಾಗಿದೆ, ತಂತಿ ಸರಿಯಾಗಿದ್ದರೆ ಮಾತು ಕೇಳಿಯೇ ಕೇಳುತ್ತದೆ. ನಮ್ಮ ಹಿರಿಯರ ತರ್ಕ ಈ ಕಾಲದ್ದು, ಆ ಕಾಲಕ್ಕೆ ಅದು ಸರಿಯೂ ಆಗಿತ್ತು.

ನಮ್ಮ ಹಳ್ಳಿ ಕಿತ್ತೂರಿನಿಂದ ನಾಲ್ಕು ಮೈಲಿ. ಕಿತ್ತೂರೆಂದರೆ ಎಲ್ಲರಿಗೂ ಚೆನ್ನಮ್ಮ ರಾಣಿ ನೆನಪಾಗುತ್ತಾಳೆ, ಆಗಬೇಕಾದ್ದೇ. ಆದರೆ ದೂರವಾಣಿಯ ಚರಿತ್ರೆಯಲ್ಲಿಯೂ ಆ ಊರಿಗೆ ಒಂದು ಸ್ಥಾನವಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಸಂಪೂರ್ಣ ನಮ್ಮಲ್ಲೇ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜನ್ನು ಮೊಟ್ಟಮೊದಲು 1986ರಲ್ಲಿ ಇಟ್ಟು ನಡೆಸಿದ್ದು ಕಿತ್ತೂರಿನಲ್ಲಿ. 128 ತುದಿಗಳ ಪುಟ್ಟ ಪೆಟ್ಟಿಗೆ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗುತ್ತಿದ್ದ ಆ ಕಾಲಕ್ಕೆ ಇದು ನಮ್ಮ ಧೂಳು, ನಮ್ಮ ಬಿಸಿಲು ಎರಡನ್ನೂ ತಾಳಿಕೊಂಡಿತು. ನನಗಾಗ ಆರೇಳು ವರ್ಷ. ಸಂತೆಗೆ ಹೋಗಿ ಬಂದವರು ಹೇಳುತ್ತಿದ್ದ ಸುದ್ದಿಯಷ್ಟೇ ನನಗೆ ಗೊತ್ತು. "ಈಗ ಬಾಯಾಗಿನ ಮಾತು ಬಾಯಾಗ ಇರೂದ್ರಾಗ ಫೋನ್ ಹತ್ತತೈತಿ" ಎನ್ನುತ್ತಿದ್ದರು.

ಇನ್ನು ನಮ್ಮಂಥ ವಲಸೆಗಾರರು ಈ ಫೋನನ್ನು ಹೇಗೆ ಬಳಸಿದೆವೆಂಬುದನ್ನು ಯಾವ ಇಂಜಿನಿಯರೂ ಬರೆದಿಟ್ಟಿಲ್ಲ. ನಾನು ಪುಣೆಗೆ ಬಂದ ಹೊಸದರಲ್ಲಿ ಎಸ್.ಟಿ.ಡಿ. ಬೂತಿನ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ ಮಾತಾಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಆ ಕಡೆಯವರು ಎತ್ತಿದ ಕ್ಷಣದಿಂದ ದುಡ್ಡು. ಎತ್ತುವ ತನಕ ಎಷ್ಟು ಗಂಟೆ ಹೊಡೆದರೂ ದುಡ್ಡಿಲ್ಲ. ಇಷ್ಟು ತಿಳಿದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಗಂಟೆಯನ್ನೇ ಮಾತಾಗಿ ಮಾಡಿಕೊಂಡರು. ನಮ್ಮ ಮನೆಯ ಕಟ್ಟಳೆ ಹೀಗಿತ್ತು. ಎರಡು ಗಂಟೆ ಹೊಡೆದು ನಿಂತರೆ ನಾನು ಸುಖವಾಗಿ ಮುಟ್ಟಿದ್ದೇನೆ. ನಾಲ್ಕಾದರೆ ದುಡ್ಡು ಕಳಿಸಿದ್ದೇನೆ. ಅದಕ್ಕೂ ಮೀರಿ ಹೊಡೆಯುತ್ತಲೇ ಇದ್ದರೆ ಏನೋ ವಿಶೇಷ, ಎತ್ತತಕ್ಕದ್ದು. ಅಪ್ಪನ ಲೆಕ್ಕವೂ ನನ್ನ ಲೆಕ್ಕವೂ ಆಗಾಗ ತಾಳೆಯಾಗುತ್ತಿರಲಿಲ್ಲ. ನಾನು ನಾಲ್ಕು ಕೊಟ್ಟರೆ ಅವರಿಗೆ ಮೂರು ಕೇಳುತ್ತಿತ್ತು. ಇದರ ಕಾರಣ ಬಹಳ ಜನಕ್ಕೆ ತಿಳಿಯದು. ಕರೆದವನ ಕಿವಿಗೆ ಬೀಳುವ ಟ್ರಿಂಗ್ ಟ್ರಿಂಗ್ ಸದ್ದು ಆ ಕಡೆಯ ಗಂಟೆಯ ಸದ್ದಲ್ಲವೇ ಅಲ್ಲ. ಗಂಟೆ ಹೊಡೆಯುತ್ತಿದೆ ಎಂದು ನಮ್ಮ ಸಮಾಧಾನಕ್ಕೆ ಎಕ್ಸ್‌ಚೇಂಜು ಬೇರೆಯಾಗಿ ಕೇಳಿಸುವ ಸದ್ದು ಅದು. ಎರಡೂ ಒಟ್ಟಿಗೆ ಶುರುವಾಗಬೇಕೆಂಬ ನಿಯಮವೇನೂ ಇರಲಿಲ್ಲ.

ಮೊಬೈಲ್ ಬಂದ ಮೇಲೆ ಇದೇ ವಿದ್ಯೆ ಮಿಸ್ಡ್ ಕಾಲ್ ಎಂಬ ಹೆಸರಿನಿಂದ ದೇಶವನ್ನೆಲ್ಲ ಆವರಿಸಿತು. ತರಕಾರಿಯವನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ಮಿಸ್ಡ್ ಕಾಲ್ ಕೊಡಿ ಎನ್ನತೊಡಗಿದರು. 2019ರಲ್ಲಿ ಕಂಪನಿಗಳ ನಡುವೆ ಒಂದು ವಿಚಿತ್ರ ವ್ಯಾಜ್ಯವೇ ನಡೆಯಿತು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕರೆ ಹೋದರೆ, ಕರೆದ ಕಂಪನಿ ಸ್ವೀಕರಿಸಿದ ಕಂಪನಿಗೆ ಆಗ ನಿಮಿಷಕ್ಕೆ 6 ಪೈಸೆ ಕೊಡಬೇಕಾಗಿತ್ತು. ಗಂಟೆಯನ್ನು ಬೇಗ ನಿಲ್ಲಿಸಿಬಿಟ್ಟರೆ ಆ ಕಡೆಯವರು ಎತ್ತುವುದರೊಳಗೆ ತಪ್ಪಿಹೋಗಿ, ತಾವೇ ತಿರುಗಿ ಕರೆಯುತ್ತಾರೆ. ಆಗ ಕೊಡುವವರು ಹೋಗಿ ಪಡೆಯುವವರಾಗುತ್ತಾರೆ! ಗಂಟೆಯ ಅವಧಿ 20, 25 ಸೆಕೆಂಡಿಗೆ ಇಳಿದಾಗ ನಿಯಂತ್ರಣ ಪ್ರಾಧಿಕಾರದವರು ನಡುವೆ ಬಂದು, ಮೊಬೈಲಿಗೆ 30 ಸೆಕೆಂಡು, ಮನೆಯ ಫೋನಿಗೆ 60 ಸೆಕೆಂಡು ಎಂದು ಗೊತ್ತುಪಡಿಸಿದರು. 2021ರ ಜನವರಿಯಿಂದ ಆ 6 ಪೈಸೆಯೂ ರದ್ದಾಯಿತು.

ಅದಿರಲಿ. ಮಾತಿನ ದಾರಿಯಿಂದ ಸಂಕೇತದ ದಾರಿ ಬೇರೆಯಾಗಲು ಕಾರಣವಾದದ್ದು ಕಳ್ಳತನ. ಅಮೆರಿಕದ ದೂರದ ಕರೆಗಳಲ್ಲಿ, ಲೈನು ಖಾಲಿಯಿದೆ ಎಂದು ಒಂದು ಎಕ್ಸ್‌ಚೇಂಜು ಇನ್ನೊಂದಕ್ಕೆ ತಿಳಿಸುತ್ತಿದ್ದುದು 2600 ಹರ್ಟ್ಸ್‌ನ ಒಂದು ಸಿಳ್ಳಿನಿಂದ. ಆ ಸಿಳ್ಳು ಮಾತು ಹೋಗುವ ಲೈನಿನಲ್ಲೇ ಹೋಗಬೇಕು. ಹಾಗಾದರೆ ಮಾತಾಡುವವನೇ ಸಿಳ್ಳು ಹಾಕಿದರೆ? ಬೆಳಗಿನ ತಿಂಡಿಯ ಒಂದು ಪೊಟ್ಟಣದಲ್ಲಿ ಮಕ್ಕಳಿಗೆಂದು ಪುಕ್ಕಟೆ ಕೊಡುತ್ತಿದ್ದ ಪೀಪಿ ಸರಿಯಾಗಿ ಅದೇ ಸ್ವರ ಹೊರಡಿಸುತ್ತಿತ್ತಂತೆ. ಅದನ್ನೂ ಅದರ ಮೇಲಿನ ಉಪಾಯಗಳನ್ನೂ ಹಿಡಿದು ಜನ ಬಿಟ್ಟಿಯಾಗಿ ದೇಶದೇಶಕ್ಕೆ ಮಾತಾಡಿದರು. ಮುಂದೆ ಆಪಲ್ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್ ಮತ್ತು ವೋಜ್ನಿಯಾಕ್ ಇಬ್ಬರೂ ತಮ್ಮ ಎಳೆಯ ವಯಸ್ಸಿನಲ್ಲಿ ಇಂಥ ಪೆಟ್ಟಿಗೆ ಮಾಡಿ ಮಾರಿದವರೇ. ಕಡೆಗೆ ಸಂಕೇತಗಳನ್ನು ಮಾತಿನ ಲೈನಿನಿಂದ ಬಿಡಿಸಿ ಅವುಗಳಿಗೇ ಪ್ರತ್ಯೇಕ ದಾರಿ ಹಾಕಿದರು. 1980ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಏಳನೆಯ ಸಂಕೇತ ಪದ್ಧತಿ ಜಗತ್ತಿನ ಎಕ್ಸ್‌ಚೇಂಜುಗಳನ್ನೆಲ್ಲ ಬಹುಕಾಲ ಆಳಿತು. ನಾವು ಒಂದೊಂದು ರೂಪಾಯಿ ಕೊಟ್ಟು ಕಳಿಸುತ್ತಿದ್ದ 160 ಅಕ್ಷರದ ಎಸ್.ಎಂ.ಎಸ್. ಓಡಾಡಿದ್ದು ಆ ಸಂಕೇತದ ದಾರಿಯಲ್ಲಿಯೇ. ಖಾಲಿ ಹೋಗುತ್ತಿದ್ದ ಬಂಡಿಗೆ ಟಿಕೆಟ್ಟು ಹರಿದಂತೆ.

ಇಂಟರ್ನೆಟ್ ಬಂದ ಮೇಲೆ ಮಾತನ್ನು ಸಾಗಿಸುವ ರೀತಿಯೇ ಬದಲಾಯಿತು. ಮಾತನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿಗಳನ್ನಾಗಿ ಮಾಡಿ, ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದ ಮಾತನ್ನು ಒಂದೊಂದು ಪ್ಯಾಕೆಟ್ಟಿನಲ್ಲಿ ಕಟ್ಟಿ ಬಿಡುತ್ತಾರೆ. ನಾವು ಒಮ್ಮೆ "ಹಲೋ" ಎನ್ನುವುದರೊಳಗೆ ಇಪ್ಪತ್ತು ಇಪ್ಪತ್ತೈದು ಪ್ಯಾಕೆಟ್ಟು ಹೊರಟುಹೋಗಿರುತ್ತವೆ. ಆದರೆ ಅವು ಎಲ್ಲಿಗೆ ಹೋಗಬೇಕು? ಅದನ್ನು ಮೊದಲೇ ಗೊತ್ತುಮಾಡುವುದಕ್ಕೆ ಮತ್ತೆ ಸಂಕೇತದ ವ್ಯವಹಾರ ಬೇಕು. ಇದಕ್ಕೆ ಎರಡು ಮನೆತನಗಳಿಂದ ಎರಡು ಕಟ್ಟಳೆಗಳು ಬಂದವು. ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು 1996ರಲ್ಲಿ ಎಚ್.323 ಎಂಬುದನ್ನು ತಂದರು. ಅದು ಹಳೆಯ ದೂರವಾಣಿ ಇಂಜಿನಿಯರರ ಕೂಸು, ಎಲ್ಲವೂ ಒಂದು ಸೊನ್ನೆಗಳ ಬಿಗಿಯಾದ ಗಂಟು, ಯಂತ್ರವಿಲ್ಲದೆ ಓದುವಂತಿಲ್ಲ. ಇನ್ನೊಂದು ಇಂಟರ್ನೆಟ್ಟಿನವರದು. ಹ್ಯಾಂಡ್ಲಿ, ಶುಲ್ಜ್ರಿನ್ನೆ, ಸ್ಕೂಲರ್, ರೋಸೆನ್‌ಬರ್ಗ್ ಎಂಬ ನಾಲ್ವರ ಹೆಸರಿನಲ್ಲಿ 1999ರ ಮಾರ್ಚಿನಲ್ಲಿ ಹೊರಬಂದು, 2002ರ ಜೂನಿನಲ್ಲಿ 269 ಪುಟಗಳ ದೊಡ್ಡ ದಸ್ತಾವೇಜಾಗಿ ಬೆಳೆದ ಸೆಷನ್ ಇನಿಷಿಯೇಷನ್ ಪ್ರೋಟೋಕಾಲ್. ಚಿಕ್ಕದಾಗಿ ಸಿಪ್. ಅದು ಬರೆದಿರುವುದು ಓದಲು ಬರುವ ಇಂಗ್ಲಿಷ್ ಅಕ್ಷರಗಳಲ್ಲಿ. ಗೆದ್ದದ್ದು ಬಹುಪಾಲು ಈ ಎರಡನೆಯದೇ. ನಮ್ಮ ದೇಶದಲ್ಲಿ ಇಂಟರ್ನೆಟ್ ದೂರವಾಣಿಗೆ ಪರವಾನಗಿ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ಇಂದು 4ಜಿ ಮೊಬೈಲಿನಲ್ಲಿ ನಾವು ಮಾಡುವ ಸಾಮಾನ್ಯ ಕರೆಯೂ ಒಳಗೆ ನಡೆಯುವುದು ಸಿಪ್ ಕಟ್ಟಳೆಯ ಮೇಲೆಯೇ. ವಾಟ್ಸಾಪ್‌ನವರದು ಅವರದೇ ಬೇರೆ ಪದ್ಧತಿ.

ನನಗೆ ಇದರ ಪರಿಚಯವಾದದ್ದು ನಮ್ಮ ಕಚೇರಿಯಲ್ಲಿ. 2022ರಲ್ಲಿ ಹಳೆಯ ಫೋನುಗಳನ್ನೆಲ್ಲ ಕಿತ್ತು ಕಂಪ್ಯೂಟರಿನ ತಂತಿಗೇ ಸಿಕ್ಕಿಸುವ ಹೊಸ ಫೋನುಗಳನ್ನು ಮೇಜಿಗೊಂದರಂತೆ ಇಟ್ಟರು. ಒಂದು ತಿಂಗಳೊಳಗೆ ಬೇರೆ ಊರಿನ ನಮ್ಮ ಶಾಖೆಯವರಿಂದ ಅದೇ ದೂರು ಬಂತು. ಅವರು ಕರೆದರೆ ಅವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ. ಮೇಲಿನ ಕಚೇರಿಯವರ ಮಾತು ಕೇಳಿಸದೆ ತಮ್ಮದಷ್ಟನ್ನೇ ಹೇಳಿ ಮುಗಿಸುವ ಸೌಭಾಗ್ಯ ಶಾಖೆಯವರಿಗೆ ಹಿಂದೆಂದೂ ದೊರೆತಿರಲಿಲ್ಲ. ಹಾಗಾಗಿ ದೂರು ಕೊಡುವುದಕ್ಕೆ ಅವರು ಅವಸರ ಮಾಡಲಿಲ್ಲವೆಂದು ನನ್ನ ಅನುಮಾನ. ಗುತ್ತಿಗೆದಾರರ ಕಡೆಯಿಂದ ಬಂದ ಮರಾಠಿ ಹುಡುಗ ಕರೆಯೊಂದರ ಸಂಕೇತಗಳನ್ನೆಲ್ಲ ಹಿಡಿದು ಕಾಗದದ ಮೇಲೆ ಮುದ್ರಿಸಿ ನನ್ನ ಮೇಜಿನ ಮೇಲೆ ಹರಡಿದ. "ಸಾಹೇಬ್, ಇದು ನಿಮಗೆ ತಿಳಿಯುವಂಥದ್ದಲ್ಲ" ಎಂದ. ನೋಡುತ್ತೇನೆ, ನನಗೆ ಅದು ಹುಟ್ಟಾ ಪರಿಚಯವಿದ್ದ ಹಾಗೆ ಕಂಡಿತು.

ಏಕೆಂದರೆ ಅದು ನಮ್ಮ ಟಪ್ಪಾಲು! ಮೊದಲ ಸಾಲಿನಲ್ಲಿ ಇನ್ವೈಟ್, ಅಂದರೆ ಆಮಂತ್ರಣ. ಕೆಳಗೆ ಯಾರಿಂದ, ಯಾರಿಗೆ. ಅದರ ಕೆಳಗೆ ಕಾಲ್ ಐಡಿ, ಇದು ಕಡತದ ನಂಬರು. ಆ ಕರೆಗೆ ಸಂಬಂಧಿಸಿದ ಎಲ್ಲ ಕಾಗದಗಳ ಮೇಲೂ ಅದೇ ನಂಬರು ಇರತಕ್ಕದ್ದು. ಆಮೇಲೆ ಕ್ರಮಸಂಖ್ಯೆ. ಎಲ್ಲಕ್ಕೂ ಸೊಗಸಾದದ್ದು ವಯಾ ಎಂಬ ಸಾಲು. ಆಮಂತ್ರಣ ಯಾವ ಯಾವ ಸರ್ವರಿನ ಮೂಲಕ ಹೋಗುತ್ತದೆಯೋ ಪ್ರತಿಯೊಂದೂ ತನ್ನ ಹೆಸರನ್ನು ಮೇಲೆ ಬರೆಯುತ್ತ ಹೋಗುತ್ತದೆ. ಉತ್ತರ ಬರುವಾಗ ಅದೇ ದಾರಿಯಲ್ಲಿ ಹಿಂತಿರುಗಿ, ಒಬ್ಬೊಬ್ಬರೂ ತಮ್ಮ ಹೆಸರನ್ನು ತೆಗೆದುಹಾಕಿ ಹಿಂದಿನವರಿಗೆ ದಾಟಿಸುತ್ತಾರೆ. ಥ್ರೂ ಪ್ರಾಪರ್ ಚಾನಲ್ ಎಂದು ನಾವು ಬರೆಯುತ್ತೇವಲ್ಲ, ಅದನ್ನು ಇಷ್ಟು ಪ್ರಾಮಾಣಿಕವಾಗಿ ಪಾಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇನ್ನೊಂದು ಸಾಲಿನಲ್ಲಿ 70 ಎಂದಿತ್ತು. ಅದೇನೆಂದು ಕೇಳಿದೆ. ಒಬ್ಬರಿಂದ ಒಬ್ಬರಿಗೆ ದಾಟಿದಾಗಲೆಲ್ಲ ಅದರಲ್ಲಿ ಒಂದೊಂದು ಕಳೆಯುತ್ತಾರೆ, ಸೊನ್ನೆಯಾದರೆ ಕಾಗದವನ್ನು ಮುಂದೆ ಕಳಿಸುವುದಿಲ್ಲ, ಅತಿಯಾಗಿ ಅಲೆಯಿತು ಎಂದು ಬರೆದು ವಾಪಸು ಮಾಡುತ್ತಾರೆ ಎಂದ. ಇಂಥ ನಿಯಮವೊಂದನ್ನು ನಮ್ಮ ಕಚೇರಿಯ ಕಡತಗಳಿಗೂ ತಂದರೆ ಎಷ್ಟು ನಿವೃತ್ತರಿಗೆ ಪಿಂಚಣಿ ಬೇಗ ಸಿಕ್ಕೀತು ಎಂದುಕೊಂಡೆ.

ಉತ್ತರಗಳೆಲ್ಲ ಮೂರಂಕಿಯ ಸಂಖ್ಯೆಗಳು. 100 ಎಂದರೆ ಪ್ರಯತ್ನ ನಡೆದಿದೆ, 180 ಗಂಟೆ ಹೊಡೆಯುತ್ತಿದೆ, 200 ಎತ್ತಿದರು, 404 ಅಂಥವರು ಇಲ್ಲಿಲ್ಲ, 486 ಬೇರೆ ಮಾತಿನಲ್ಲಿದ್ದಾರೆ, 603 ಮಾತಾಡಲು ಒಲ್ಲೆ ಎಂದರು. 2013ರ ಜುಲೈಯಲ್ಲಿ ನಿಂತುಹೋದ ನಮ್ಮ ತಂತಿ ಇಲಾಖೆಯಲ್ಲಿ ಮದುವೆಗೆ ಒಂದು ಸಂಖ್ಯೆ, ದೀಪಾವಳಿಗೆ ಒಂದು ಸಂಖ್ಯೆ ಎಂದು ಶುಭಾಶಯಗಳಿಗೆ ಅಂಕಿ ಇದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಎತ್ತಿದರು ಎಂಬ 200 ಬಂದ ಮೇಲೆಯೂ ಕರೆದವನು ತಲುಪಿತು ಎಂದು ಒಂದು ಪಾವತಿ ಕಳಿಸಬೇಕು. ಆಮೇಲೆಯೇ ವ್ಯವಹಾರ ಪಕ್ಕಾ. ಮಾತು ಮುಗಿದಾಗ ಬೈ ಎಂದು ಒಂದು ಕಾಗದ. ಇನ್ನು ನಾವು ಎತ್ತುವ ಮೊದಲೇ ಇಟ್ಟರೆ ಹೋಗುವುದು ಕ್ಯಾನ್ಸಲ್. ನಮ್ಮ ಮಿಸ್ಡ್ ಕಾಲಿನ ಪೂರ್ತಿ ಜಾತಕ ಇಷ್ಟೇ: ಆಮಂತ್ರಣ, 180, ಕ್ಯಾನ್ಸಲ್.

ಇಲ್ಲೊಂದು ಮಾತು ಎಚ್ಚರಿಕೆಗಾಗಿ ಹೇಳಿಬಿಡುತ್ತೇನೆ. ಯಾರಿಂದ ಎಂಬ ಸಾಲನ್ನು ಬರೆಯುವವನು ಕರೆಯುವವನೇ. ಅಂಚೆಯ ಲಕೋಟೆಯ ಹಿಂದೆ ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲ, ಹಾಗೆ. ನಡುವಿನ ಕಂಪನಿಗಳು ಅದನ್ನು ತಾಳೆ ನೋಡಬೇಕು, ಎಲ್ಲ ಕಡೆಯೂ ನೋಡುವುದಿಲ್ಲ. ಅಮೆರಿಕದಲ್ಲಿ 2021ರಿಂದ ದೊಡ್ಡ ಕಂಪನಿಗಳು ಆ ಸಾಲಿಗೆ ಡಿಜಿಟಲ್ ಸಹಿ ಹಾಕಬೇಕೆಂದು ಕಾನೂನು ಮಾಡಿದರು. ಫೋನಿನ ಮೇಲೆ ಪೊಲೀಸ್ ಠಾಣೆಯ ನಂಬರೇ ಮೂಡಿತು ಎಂದು ಹೆದರಿ ವಯಸ್ಸಾದವರು ದುಡ್ಡು ಕಳಿಸಿದ ಸುದ್ದಿಗಳನ್ನು ಓದುತ್ತಿದ್ದೇವೆ. ಮೂಡಿದ ನಂಬರು ಕರೆದವರ ಗುರುತಿಗೆ ಸಾಕ್ಷಿಯಲ್ಲ.

ಈಗ ಒಂದೇ ಕಡೆ ಕೇಳುವ ಮಾತಿಗೆ ಬರೋಣ. ಆಮಂತ್ರಣದ ಹೊಟ್ಟೆಯೊಳಗೆ ಇನ್ನೊಂದು ಚೀಟಿ ಇರುತ್ತದೆ. "ಮಾತಿನ ಪ್ಯಾಕೆಟ್ಟುಗಳನ್ನು ನೀವು ನನಗೆ ಇಂಥ ವಿಳಾಸಕ್ಕೆ ಕಳಿಸಿ" ಎಂದು ಕರೆದವನು ಅದರಲ್ಲಿ ಬರೆದಿರುತ್ತಾನೆ. ಶಾಖೆಯ ಫೋನು ಬರೆದಿದ್ದ ವಿಳಾಸ 192.168.1.25. ಇದು ಒಳಮನೆಯ ವಿಳಾಸ. ಇಂಟರ್ನೆಟ್ಟಿನ ಪೂರ್ಣ ವಿಳಾಸಗಳು ಸಾಲದೆ ಬಂದದ್ದರಿಂದ ಮನೆ, ಕಚೇರಿಗಳ ಒಳಗೆ ಇಂಥ ಖಾಸಗಿ ವಿಳಾಸಗಳನ್ನು ಇಟ್ಟುಕೊಳ್ಳುವ ರೂಢಿಯಾಗಿದೆ. ಊರೂರಿಗೂ ಮಠದ ಹಿಂದಿನ ಮನೆ ಎಂದು ಒಂದು ಇದ್ದೇ ಇರುತ್ತದೆ. ಊರೊಳಗೆ ಅಷ್ಟು ಹೇಳಿದರೆ ಸಾಕು. ಆದರೆ "ಉತ್ತರವನ್ನು ಮಠದ ಹಿಂದಿನ ಮನೆಗೆ ಬರೆಯಿರಿ" ಎಂದಷ್ಟೇ ಬರೆದು ಪುಣೆಗೆ ಕಾಗದ ಹಾಕಿದರೆ ಇಲ್ಲಿಯ ಅಂಚೆಯವನು ಯಾವ ಮಠ ಹುಡುಕಬೇಕು? ಆಮಂತ್ರಣಕ್ಕೆ ದಾರಿಯುದ್ದಕ್ಕೂ ವಯಾ ಸಾಲುಗಳಿದ್ದವು, ಆದ್ದರಿಂದ ಗಂಟೆಯೂ ಹೊಡೆಯಿತು, ಉತ್ತರವೂ ಹಿಂತಿರುಗಿತು. ಮಾತು ಆ ದಾರಿ ಹಿಡಿಯುವುದಿಲ್ಲ. ಅದು ಚೀಟಿಯಲ್ಲಿ ಬರೆದ ವಿಳಾಸಕ್ಕೆ ನೆಟ್ಟಗೆ ಹೋಗುತ್ತದೆ. ಹುಡುಗ ಹುಡುಕಿ ನೋಡಿದಾಗ ನಮ್ಮ ಕಚೇರಿಯೊಳಗೂ ಒಂದು 192.168.1.25 ಇತ್ತು. ಅದು ಮೂರನೆಯ ಮಹಡಿಯ ಪ್ರಿಂಟರು. ಒಂದು ತಿಂಗಳು ನಮ್ಮ ಅಧಿಕಾರಿಗಳು ಶಾಖೆಯವರಿಗೆ ಮಾಡಿದ ಉಪದೇಶವೆಲ್ಲ ಸೇರಿದ್ದು ಅದಕ್ಕೆ. ಫೋನು ತನ್ನ ಹೊರಗಿನ ವಿಳಾಸವನ್ನು ಇಂಟರ್ನೆಟ್ಟಿನ ಮೇಲಿರುವ ಒಂದು ಸರ್ವರನ್ನು ಕೇಳಿ ತಿಳಿದುಕೊಂಡು ಅದನ್ನೇ ಚೀಟಿಯಲ್ಲಿ ಬರೆಯುವ ಉಪಾಯವೊಂದಿದೆ, ಸ್ಟನ್ ಎನ್ನುತ್ತಾರೆ, 2003ರಿಂದ ಇದೆ. ಹುಡುಗ ಅದನ್ನು ಏರ್ಪಡಿಸಿ ಹೋದ ಮೇಲೆ ಶಾಖೆಯವರ ಸ್ವಾತಂತ್ರ್ಯ ಮುಗಿಯಿತು. ಊಟದ ಸಾಲಿನ ಹಿರಿಯರ ಮಗನೂ ಮನೆಯ ಪೆಟ್ಟಿಗೆಯಲ್ಲಿ ಇದನ್ನೇ ನೋಡಬೇಕು.

ಇಷ್ಟನ್ನು ನಾನು ತಮಾಷೆಯಾಗಿ ಬರೆದೆ. ಉಳಿದದ್ದು ಅಷ್ಟು ತಮಾಷೆಯದಲ್ಲ.

ಅಪ್ಪ ತೀರಿಕೊಂಡ ಮೇಲೆ ಊರ ಮನೆಯಲ್ಲಿ ಅವ್ವ ಒಬ್ಬಳೇ. ಪುಣೆಗೆ ಕರೆತಂದರೆ ಹದಿನೈದು ದಿನಕ್ಕೆ ಎಮ್ಮೆಯ ನೆಪ ಹೇಳಿ ಹೊರಡುತ್ತಾಳೆ. ಎಮ್ಮೆ ಮಾರಿ ನಾಲ್ಕು ವರ್ಷವಾಯಿತು. ಈಗ 74 ವರ್ಷ, ಕಿವಿ ಮಂದ. ಮೊಬೈಲಿನ ಸದ್ದು ಅವಳಿಗೆ ಹತ್ತುವುದಿಲ್ಲ. ಪಡಸಾಲೆಯ ಫೋನಿನ ಗಂಟೆ ಮಾತ್ರ ಹಿತ್ತಲಿಗೂ ಕೇಳುತ್ತದೆ. ಮಾತಿಗೆ ಈಗ ದುಡ್ಡಿಲ್ಲವೆಂದು ಎಷ್ಟು ಹೇಳಿದರೂ ದಿನವೂ ರಾತ್ರಿ ಒಂಬತ್ತಕ್ಕೆ ನಾನು ಗಂಟೆ ಕೊಟ್ಟು ನಿಲ್ಲಿಸಬೇಕು, ಕೂಡಲೇ ಅವಳು ತಿರುಗಿ ಒಂದು ಗಂಟೆ ಕೊಡಬೇಕು. ಇವಳು ಊಟ ಮಾಡಿ ಅಗಳಿ ಹಾಕಿಕೊಂಡಳು ಎಂದು ನನಗೆ ಅದರ ಅರ್ಥ. ಮಾತು ರವಿವಾರಕ್ಕೊಮ್ಮೆ.

ಹಳೆಯ ತಾಮ್ರದ ತಂತಿ ತೆಗೆದು ಗಾಜಿನ ಎಳೆಯ ಲೈನು ಎಳೆದು, ಗೋಡೆಗೆ ಒಂದು ಪೆಟ್ಟಿಗೆ ಹಚ್ಚಿ ಹೋದರು. ಫೋನು ಅದೇ, ನಂಬರು ಅದೇ. ಒಳಗೆ ಮಾತ್ರ ಅದು ಈಗ ಸಿಪ್ ಫೋನು. ಮೊದಲಿಗೆ ಹೋದದ್ದು ನಮ್ಮ ಲೆಕ್ಕದ ಕಟ್ಟಳೆ. ಎರಡು ಗಂಟೆ, ನಾಲ್ಕು ಗಂಟೆ ಎಂಬುದು ಈ ಪದ್ಧತಿಯಲ್ಲಿ ಎಲ್ಲಿಯೂ ಕಳಿಸಲ್ಪಡುವುದೇ ಇಲ್ಲ. 180 ಎಂಬ ಒಂದು ಸಂದೇಶ ಬಂದರೆ ಟ್ರಿಂಗ್ ಟ್ರಿಂಗ್ ಸದ್ದನ್ನು ಸಾಮಾನ್ಯವಾಗಿ ನನ್ನ ಫೋನು ತಾನೇ ಹುಟ್ಟಿಸಿ ನನಗೆ ಕೇಳಿಸುತ್ತದೆ. ಅವಳ ಪೆಟ್ಟಿಗೆ ಅವಳ ಗಂಟೆಯನ್ನು ತನ್ನ ಪಾಡಿಗೆ ಬಾರಿಸುತ್ತದೆ. ಆದ್ದರಿಂದ ಈಗ ಎಣಿಕೆ ಬಿಟ್ಟು, ಗಂಟೆ ಬಂದರೆ ಚೆನ್ನಾಗಿದ್ದೇವೆ ಎಂಬ ಒಂದೇ ಅರ್ಥ ಉಳಿಸಿಕೊಂಡಿದ್ದೇವೆ.

ಎರಡನೆಯದು ತಿಳಿದದ್ದು 2023ರ ಜುಲೈಯ ಒಂದು ರಾತ್ರಿ. ಬೆಳಗಾವಿ ಕಡೆ ಮೂರು ದಿನದಿಂದ ಹಿಡಿದ ಮಳೆ. ಒಂಬತ್ತಕ್ಕೆ ಫೋನು ಹಚ್ಚಿದೆ. ಗಂಟೆಯ ಸದ್ದಿಲ್ಲ, ಬಂದ್ ಆಗಿದೆ ಎಂಬ ಹೆಣ್ಣಿನ ಧ್ವನಿಯೂ ಇಲ್ಲ. ಮೌನ. ಗೋಡೆಯ ಗಡಿಯಾರ ನೋಡುತ್ತ ನಿಂತೆ, ಅರ್ಧ ನಿಮಿಷ. ಆಮೇಲೆ ಸಂಪರ್ಕ ಸಾಧ್ಯವಾಗುತ್ತಿಲ್ಲ ಎಂಬ ಮುದ್ರಿತ ಮಾತು. ಮತ್ತೆ ಹಚ್ಚಿದರೂ ಹಾಗೇ. ನಮ್ಮ ಮನೆಯವರು ಒಲೆ ಆರಿಸಿ ಬಂದು ಪಕ್ಕದಲ್ಲಿ ನಿಂತರು, ಏನೂ ಕೇಳಲಿಲ್ಲ. ಮಗ್ಗಲ ಮನೆಯ ಕಾಕಾನ ಮೊಬೈಲ್ ಐದಾರು ಸಲಕ್ಕೆ ಹತ್ತಿತು. ಆತ ಬ್ಯಾಟರಿ ಹಿಡಿದು ಹೋಗಿ ಬಾಗಿಲು ಬಡಿದು, ಮೊಬೈಲನ್ನು ಅವ್ವನ ಕಿವಿಗಿಟ್ಟ. ಸಂಜೆಯಿಂದ ಕರೆಂಟಿಲ್ಲ. ಚಿಮಣಿ ಹಚ್ಚಿಕೊಂಡು ಫೋನಿನ ಹತ್ತಿರವೇ ಕುಳಿತಿದ್ದಳಂತೆ. "ಇವತ್ತ ಗಂಟಿ ಬರಲಿಲ್ಲಲ್ಲೋ ತಮ್ಮಾ, ಏನ್ ಆತೋ ಅಂತ ಜೀವ ಹಾರಿತ್ತು" ಎಂದಳು. ನನ್ನ ಜೀವದ ವಿಷಯ ನಾನು ಹೇಳಲಿಲ್ಲ.

ಆ ಅರ್ಧ ನಿಮಿಷದ ಮೌನವೇನೆಂದು ಆಮೇಲೆ ಓದಿ ತಿಳಿದೆ. ಹಳೆಯ ಫೋನಿಗೆ ಎಕ್ಸ್‌ಚೇಂಜಿನ ದೊಡ್ಡ ಬ್ಯಾಟರಿಗಳಿಂದ 48 ವೋಲ್ಟು ತಂತಿಯಲ್ಲೇ ಬರುತ್ತಿತ್ತು. ಮನೆಯ ಕರೆಂಟು ಹೋದರೂ ಫೋನು ಹೋಗುತ್ತಿರಲಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋದರೆ ಪೆಟ್ಟಿಗೆ ಸತ್ತಂತೆ. ಸಿಪ್ ಕಟ್ಟಳೆಯಲ್ಲಿ ಪ್ರತಿ ಫೋನೂ ಆಗಾಗ "ನಾನು ಇಂಥಲ್ಲಿ ಇದ್ದೇನೆ" ಎಂದು ತನ್ನ ಸರ್ವರಿಗೆ ಹಾಜರಿ ಹಾಕಬೇಕು. ಈ ಹಾಜರಿಗೆ ಸಾಮಾನ್ಯವಾಗಿ ಒಂದು ಗಂಟೆಯಷ್ಟು ಅವಧಿ. ಅವಧಿ ಮುಗಿಯುವ ಮೊದಲೇ ಪೆಟ್ಟಿಗೆ ಆರಿಹೋದರೆ ಸರ್ವರಿಗೆ ಗೊತ್ತಾಗುವುದಿಲ್ಲ, ಪುಸ್ತಕದಲ್ಲಿ ಅವಳು ಹಾಜರಿದ್ದಾಳೆ. ಸಂಜೆ ಹೋದ ಕರೆಂಟು ನಡುವೆ ಒಮ್ಮೆ ಬಂದು ಹೋಗಿತ್ತೆಂದು ಕಾಕಾ ಹೇಳಿದ್ದ. ಆ ಹೊತ್ತಿನಲ್ಲಿ ಪೆಟ್ಟಿಗೆ ಮತ್ತೊಮ್ಮೆ ಹಾಜರಿ ಹಾಕಿ ಆರಿರಬೇಕು. ಸರ್ವರು ನನ್ನ ಆಮಂತ್ರಣವನ್ನು ಅವಳ ವಿಳಾಸಕ್ಕೆ ಕಳಿಸುತ್ತದೆ. ಉತ್ತರವಿಲ್ಲದಿದ್ದರೆ ಅರ್ಧ ಸೆಕೆಂಡು ಬಿಟ್ಟು ಮತ್ತೆ, ಆಮೇಲೆ ಒಂದು ಸೆಕೆಂಡು, ಎರಡು, ನಾಲ್ಕು, ಎಂಟು, ಹದಿನಾರು, ಹೀಗೆ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ ಒಟ್ಟು ಏಳು ಸಲ ಕರೆಯುತ್ತದೆ. ಕಟ್ಟಳೆಯ ಪ್ರಕಾರ 32 ಸೆಕೆಂಡಾದ ಮೇಲೆ ಕೈಬಿಡುತ್ತದೆ. ಕತ್ತಲೆಯ ಮನೆಗೆ ಅದು ಏಳು ಸಲ ಕರೆದ ಹೊತ್ತು ನಾನು ಗಡಿಯಾರ ನೋಡುತ್ತ ನಿಂತ ಹೊತ್ತು.

ಮುಂದಿನ ವಾರವೇ ಊರಿಗೆ ಹೋಗಿ ಪೆಟ್ಟಿಗೆಗೊಂದು ಬ್ಯಾಟರಿ ಕೂಡಿಸಿ ಬಂದೆ. ಮಿನಿ ಯು.ಪಿ.ಎಸ್. ಎಂದು ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ, ಅಂಗೈಯಗಲದ್ದು. ಊರಲ್ಲಿ ಹಿರಿಯರಿದ್ದು ಇಂಥ ಲೈನು ಹಾಕಿಸಿಕೊಂಡವರು ತಪ್ಪದೆ ಇಡಿಸಬೇಕೆಂದು ನನ್ನ ವಿನಂತಿ. ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿ 12 ವೋಲ್ಟು ಎಂದಿದ್ದರೆ 12 ವೋಲ್ಟಿನದನ್ನೇ ತೆಗೆದುಕೊಳ್ಳಬೇಕು, ಆಂಪಿಯರ್ ಅಲ್ಲಿ ಬರೆದದ್ದಕ್ಕಿಂತ ಕಡಿಮೆ ಇರಬಾರದು. ಕೂಡಿಸಿದ ಮೇಲೆ ಮೇನ್ ಸ್ವಿಚ್ಚು ತೆಗೆದು ಎಷ್ಟು ಹೊತ್ತು ನಡೆಯುತ್ತದೆಂದು ಅಲ್ಲೇ ಕುಳಿತು ನೋಡಿ ಬರುವುದು ಒಳ್ಳೆಯದು. ನಮ್ಮದು ಮೂರು ಗಂಟೆ ನಡೆಯಿತು. ಆ ಮೂರು ಗಂಟೆಯೂ ಅವ್ವ ಪಕ್ಕದಲ್ಲಿ ಕುಳಿತು ಶೇಂಗಾ ಬಿಡಿಸುತ್ತ, ಮಗ ಪುಣೆಯಿಂದ ಬಂದು ಕತ್ತಲಲ್ಲಿ ಯಾಕೆ ಕೂತಿದ್ದಾನೆಂದು ನೋಡಲು ಬಂದವರಿಗೆಲ್ಲ "ಅಂವಾ ಪರೀಕ್ಷಾ ಮಾಡಾಕತ್ತಾನ" ಎಂದು ಹೇಳುತ್ತಿದ್ದಳು. ಪೆಟ್ಟಿಗೆಯ ಹಸಿರು ದೀಪ ರಾತ್ರಿ ಕಣ್ಣಿಗೆ ಹೊಡೆಯುತ್ತದೆಂದು ಅದರ ಮೇಲೆ ಹಳೆಯ ಕುಪ್ಪಸದ ಬಟ್ಟೆ ಹೊದಿಸಿದ್ದಳು. ಬಿಸಿಯಾಗಿ ಕೆಡುತ್ತದೆ, ಹೊದಿಸಬಾರದು ಎಂದು ತೆಗೆಸಿ ಬಂದಿದ್ದೇನೆ. ಈ ಸಲ ಹೋದಾಗ ಮತ್ತೆ ಹೊದಿಸಿದ್ದಳು.